ಬೆಳ್ಳಿ ಮತ್ತು ಜರ್ಮನ್ ಸಿಲ್ವರ್: ಒಂದೇ ಬಣ್ಣದ ಎರಡು ಲೋಹಗಳ ಗುಣಭೇದ

ಗೃಹಪ್ರವೇಶ, ಮದುವೆ, ನಾಮಕರಣಗಳ ಉಡುಗೊರೆಯಾಗಿ ಕರ್ನಾಟಕದ ಮನೆಗಳನ್ನು ಸೇರುವ ಬಿಳಿ ಲೋಹದ ತಟ್ಟೆ, ಬಟ್ಟಲು, ಕುಂಕುಮ ಭರಣಿ, ಪಂಚಪಾತ್ರೆಗಳಲ್ಲಿ ಕೆಲವು ಬೆಳ್ಳಿಯವಾದರೆ, ಮಿಕ್ಕವುಗಳಲ್ಲಿ ಬಹಳಷ್ಟು ಜರ್ಮನ್ ಸಿಲ್ವರ್ ಎಂದು ಕರೆಯಲಾಗುವ ಮಿಶ್ರಲೋಹದವು. ತಾಮ್ರ, ನಿಕ್ಕಲ್ ಮತ್ತು ಸತುವನ್ನು ಕೂಡಿಸಿ ಕರಗಿಸಿ ಪಡೆಯುವ ಈ ಲೋಹದಲ್ಲಿ ಬೆಳ್ಳಿ ಲವಲೇಶವೂ ಇರುವುದಿಲ್ಲ. ಸಾಮಾನ್ಯವಾಗಿ ಬಳಕೆಯಲ್ಲಿರುವ ಬಗೆಯಲ್ಲಿ ತಾಮ್ರ ಶೇ. 65ರಷ್ಟು, ನಿಕ್ಕಲ್ ಶೇ. 18ರಷ್ಟು, ಸತು ಶೇ. 17ರಷ್ಟು ಇರುತ್ತವೆ. ಇದನ್ನು ಕೇವಲ ಬೆಳ್ಳಿಯ ಅಗ್ಗದ ನಕಲು ಎಂದು ತಳ್ಳಿಹಾಕುವುದು ಎಷ್ಟು ತಪ್ಪೋ, ಬೆಳ್ಳಿಯ ಜಾಗದಲ್ಲಿ ಎಲ್ಲೆಂದರಲ್ಲಿ ಬಳಸುವುದೂ ಅಷ್ಟೇ ತಪ್ಪು; ಏಕೆಂದರೆ ಬಣ್ಣವೊಂದನ್ನು ಬಿಟ್ಟರೆ ತೂಕ, ಗಡಸುತನ, ಉಷ್ಣವಾಹಕತೆ, ಆಮ್ಲಗಳೊಡನೆ ವರ್ತಿಸುವ ರೀತಿ ಇವೆಲ್ಲದರಲ್ಲೂ ಎರಡೂ ಲೋಹಗಳು ಬೇರೆ ಬೇರೆ ದಾರಿ ಹಿಡಿಯುತ್ತವೆ. ಯಾವ ಕೆಲಸಕ್ಕೆ ಯಾವುದು ತಕ್ಕದ್ದು ಎಂಬುದನ್ನು ಈ ಗುಣಗಳೇ ನಿರ್ಧರಿಸುತ್ತವೆ.

ಈ ಮಿಶ್ರಲೋಹದ ಮೂಲ ಚೀನಾದಲ್ಲಿದೆ. ಅಲ್ಲಿನ ಯುನ್ನಾನ್ ಪ್ರಾಂತದಲ್ಲಿ ನಿಕ್ಕಲ್ ಬೆರೆತ ಅದಿರುಗಳಿಂದ ತಯಾರಾಗುತ್ತಿದ್ದ ಪಾಕ್‌ಟಾಂಗ್ ಎಂಬ ಬಿಳಿ ತಾಮ್ರ 18ನೇ ಶತಮಾನದಲ್ಲಿ ಯುರೋಪಿಗೆ ರಫ್ತಾಗಿ, ಅಲ್ಲಿ ಮೇಣದಬತ್ತಿಯ ಕಂಬಗಳಂತಹ ವಸ್ತುಗಳಾಗಿ ರೂಪುಗೊಳ್ಳುತ್ತಿತ್ತು. ಸ್ವೀಡನ್ನಿನ ಆಕ್ಸೆಲ್ ಫ್ರೆಡ್ರಿಕ್ ಕ್ರಾನ್‌ಸ್ಟೆಟ್ 1751ರಲ್ಲಿ ನಿಕ್ಕಲ್ ಒಂದು ಪ್ರತ್ಯೇಕ ಲೋಹವೆಂದು ಗುರುತಿಸಿದ ಮೇಲೆ ಪಾಕ್‌ಟಾಂಗಿನ ಗುಟ್ಟು ರಸಾಯನಶಾಸ್ತ್ರಜ್ಞರ ಕೈಗೆ ಸಿಕ್ಕಿತು. 1820ರ ದಶಕದಲ್ಲಿ ಸ್ಯಾಕ್ಸನಿಯ ಅರ್ನ್ಸ್ಟ್ ಆಗಸ್ಟ್ ಗೈಟ್ನರ್ ಹಾಗೂ ಬರ್ಲಿನ್ನಿನ ಹೆನಿಗರ್ ಸಹೋದರರು ಅದನ್ನು ಜರ್ಮನಿಯಲ್ಲಿಯೇ ತಯಾರಿಸಿ ಮಾರುಕಟ್ಟೆಗೆ ತಂದದ್ದರಿಂದ ಅದಕ್ಕೆ ಜರ್ಮನ್ ಸಿಲ್ವರ್ ಎಂಬ ಹೆಸರು ಅಂಟಿಕೊಂಡಿತು. ಇಂಜಿನಿಯರಿಂಗ್ ಪುಸ್ತಕಗಳಲ್ಲಿ ಇದೇ ಲೋಹ ನಿಕ್ಕಲ್ ಸಿಲ್ವರ್ ಎಂದೂ, ಯುರೋಪಿನ ಹಳೆಯ ಪಾತ್ರೆಗಳ ಮೇಲೆ ಅಲ್ಪಾಕಾ ಅಥವಾ ಅರ್ಜೆಂಟಾನ್ ಎಂದೂ ಕಾಣಿಸಿಕೊಳ್ಳುತ್ತದೆ.

ಕೆಂಪು ತಾಮ್ರವನ್ನು ನಿಕ್ಕಲ್ ಹೇಗೆ ಬೆಳ್ಳಗಾಗಿಸುತ್ತದೆ ಎಂಬುದನ್ನು ನೋಡಲು ಪ್ರಯೋಗಾಲಯ ಬೇಕಿಲ್ಲ, ಭಾರತದ 20 ರೂಪಾಯಿಯ ನಾಣ್ಯವೊಂದು ಸಾಕು. ಹನ್ನೆರಡು ಮೂಲೆಗಳ ಈ ನಾಣ್ಯದ ಹೊರಬಳೆ ಶೇ. 65 ತಾಮ್ರ, ಶೇ. 15 ಸತು ಮತ್ತು ಶೇ. 20 ನಿಕ್ಕಲ್ ಸೇರಿದ ನಿಕ್ಕಲ್ ಸಿಲ್ವರ್‌ನಿಂದಾದದ್ದು. ನಡುವಿನ ಬಿಲ್ಲೆಯಲ್ಲಿ ತಾಮ್ರ ಶೇ. 75, ಸತು ಶೇ. 20, ನಿಕ್ಕಲ್ ಕೇವಲ ಶೇ. 5. ಹೊರಬಳೆ ಬಿಳಿಯಾಗಿಯೂ ಬಿಲ್ಲೆ ಹಿತ್ತಾಳೆಯಂತೆ ಹಳದಿಯಾಗಿಯೂ ಕಾಣುವುದಕ್ಕೆ ನಿಕ್ಕಲ್ಲಿನ ಪ್ರಮಾಣದಲ್ಲಿರುವ ಈ ಅಂತರವೇ ಮುಖ್ಯ ಕಾರಣ. ಇದೇ ನಾಣ್ಯವನ್ನು ಚೆನ್ನಾಗಿ ಉಜ್ಜಿದ ಬೆಳ್ಳಿಯ ಬಟ್ಟಲಿನ ಪಕ್ಕದಲ್ಲಿ ಹಗಲ ಬೆಳಕಿನಲ್ಲಿ ಹಿಡಿದರೆ ಹೊರಬಳೆಯ ಬಿಳುಪಿನಲ್ಲಿ ತುಸು ಬೂದು, ತುಸು ಹಳದಿ ಛಾಯೆ ಇರುವುದು ತಿಳಿಯುತ್ತದೆ. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಶೇ. 95ರ ಆಸುಪಾಸನ್ನು ಮರಳಿಸುವ ಲೋಹ ಬೆಳ್ಳಿ. ಅದರ ಬಿಳುಪನ್ನು ಬೇರೊಂದು ಲೋಹ ಪೂರ್ತಿ ಅನುಕರಿಸಲಾರದು.

ಯಾಂತ್ರಿಕ ಗುಣಗಳಲ್ಲಿ, ಅಂದರೆ ಬಾಗಿಸುವ, ಎಳೆಯುವ, ಗೀರುವ ಬಲಗಳಿಗೆ ಲೋಹ ತೋರುವ ಪ್ರತಿರೋಧದಲ್ಲಿ, ಮೇಲುಗೈ ಮಿಶ್ರಲೋಹದ್ದೇ. ಅಪ್ಪಟ ಬೆಳ್ಳಿಯ ಹರಳಿನ ರಚನೆಯಲ್ಲಿ ಪರಮಾಣುಗಳ ಪದರಗಳು ಒಂದರ ಮೇಲೊಂದು ಸುಲಭವಾಗಿ ಜಾರುವುದರಿಂದ ಅದನ್ನು ಕೂದಲೆಳೆಯಂತಹ ತಂತಿಯಾಗಿ ಎಳೆಯಲೂ, ಮಿಠಾಯಿಗೆ ಹಚ್ಚುವ ವರ್ಖಿನಷ್ಟು ತೆಳ್ಳಗೆ ಬಡಿಯಲೂ ಸಾಧ್ಯವಾಗುತ್ತದೆ. ಆದರೆ ಅದೇ ಕಾರಣಕ್ಕೆ ಅಪ್ಪಟ ಬೆಳ್ಳಿಯ ಚಮಚ ಗಟ್ಟಿ ಬೆಲ್ಲವನ್ನು ಒತ್ತಿದರೆ ಬಾಗುತ್ತದೆ, ತಟ್ಟೆಯ ಅಂಚು ಕೆಳಗೆ ಬಿದ್ದರೆ ನೆಗ್ಗುತ್ತದೆ. ಗಡಸುತನವನ್ನು ಅಳೆಯುವ ವಿಕರ್ಸ್ ಮಾಪನದಲ್ಲಿ, ಕಾಯಿಸಿ ಮೆದುಗೊಳಿಸಿದ ಬೆಳ್ಳಿ ಸುಮಾರು 25 ಅಂಕ ಪಡೆದರೆ ಅದೇ ರೀತಿ ಮೆದುಗೊಳಿಸಿದ ಜರ್ಮನ್ ಸಿಲ್ವರ್ ಅದರ ಮೂರು ಪಟ್ಟನ್ನು ಮೀರುತ್ತದೆ, ತಣ್ಣಗಿರುವಾಗಲೇ ಬಡಿದು ಅಥವಾ ರೋಲರಿನಲ್ಲಿ ಒತ್ತಿದಾಗ ಇನ್ನೂ ಗಡುಸಾಗುತ್ತದೆ. ಪರಸ್ಪರ ಭಿನ್ನ ಗಾತ್ರದ ಮೂರು ಬಗೆಯ ಪರಮಾಣುಗಳು ಒಂದೇ ಜಾಲದಲ್ಲಿ ಸೇರಿಕೊಂಡಾಗ ಪದರಗಳ ಜಾರುವಿಕೆಗೆ ಅಡ್ಡಿಯುಂಟಾಗುವುದೇ ಈ ಗಡಸುತನಕ್ಕೆ ಕಾರಣ. ಬಾಗದೆ ನಿಲ್ಲುವ ಗುಣವನ್ನು ಸೂಚಿಸುವ ಸ್ಥಿತಿಸ್ಥಾಪಕಾಂಕವೂ ಬೆಳ್ಳಿಗೆ ಸುಮಾರು 83 ಗಿಗಾಪ್ಯಾಸ್ಕಲ್ ಇದ್ದರೆ ಜರ್ಮನ್ ಸಿಲ್ವರ್‌ಗೆ ಸುಮಾರು 125. ಬೆರಳಿನ ಒತ್ತಡ ಮತ್ತು ತಂತಿಯ ಉಜ್ಜುವಿಕೆಯನ್ನು ವರ್ಷಗಟ್ಟಲೆ ತಾಳಬೇಕಾದ ಗಿಟಾರಿನ ಮೆಟ್ಟಿಲುಗಳಿಗೆ ಇಂದಿಗೂ ಶೇ. 18 ನಿಕ್ಕಲ್ಲಿನ ಈ ಮಿಶ್ರಲೋಹವನ್ನೇ ಹೆಚ್ಚಾಗಿ ಬಳಸುವುದರ ಹಿಂದೆ ಇದೇ ತರ್ಕವಿದೆ.

ಅಪ್ಪಟ ಬೆಳ್ಳಿಯ ಈ ಮೆತ್ತನೆ ಗುಣವನ್ನು ಸರಿದೂಗಿಸಲೆಂದೇ ಅದಕ್ಕೆ ತಾಮ್ರ ಬೆರೆಸುವ ಪದ್ಧತಿ ಬಂದಿದೆ. ಸ್ಟರ್ಲಿಂಗ್ ಬೆಳ್ಳಿ ಎಂದರೆ ಶೇ. 92.5 ಬೆಳ್ಳಿ, ಉಳಿದ ಶೇ. 7.5 ಸಾಮಾನ್ಯವಾಗಿ ತಾಮ್ರ. ದಿನನಿತ್ಯ ತಿರುಚುವಿಕೆಗೂ ಸವೆತಕ್ಕೂ ಒಳಗಾಗುವ ಕಾಲ್ಗೆಜ್ಜೆ, ಕಾಲುಂಗುರ, ಉಡುದಾರಗಳಿಗೆ ಇಂತಹ ಬೆರಕೆ ಬೆಳ್ಳಿಯೇ ತಕ್ಕದ್ದು. ಆದ್ದರಿಂದ ಆಭರಣದ ಶುದ್ಧತೆ ಶೇ. 99 ಇಲ್ಲವೆಂಬ ಮಾತ್ರಕ್ಕೆ ಮೋಸವಾಯಿತೆಂದು ಭಾವಿಸಬೇಕಿಲ್ಲ; ಹೇಳಿದ ಶುದ್ಧತೆಯೂ ಇರುವ ಶುದ್ಧತೆಯೂ ಒಂದೇ ಆಗಿದ್ದು, ಕೊಟ್ಟ ಬೆಲೆ ಅದಕ್ಕೆ ತಕ್ಕಂತಿದ್ದರೆ ಸಾಕು.

ಶಾಖ ಮತ್ತು ವಿದ್ಯುತ್ತಿನ ವಿಷಯಕ್ಕೆ ಬಂದಾಗ ತಕ್ಕಡಿ ಪೂರ್ತಿಯಾಗಿ ಬೆಳ್ಳಿಯ ಕಡೆಗೆ ವಾಲುತ್ತದೆ. ಎಲ್ಲ ಲೋಹಗಳಲ್ಲಿ ವಿದ್ಯುತ್ತನ್ನೂ ಶಾಖವನ್ನೂ ಅತ್ಯುತ್ತಮವಾಗಿ ಸಾಗಿಸುವುದು ಬೆಳ್ಳಿ. ಒಂದು ಮೀಟರ್ ದಪ್ಪದ ವಸ್ತುವಿನ ಎರಡು ಬದಿಗಳ ನಡುವೆ ಒಂದು ಡಿಗ್ರಿ ಅಂತರವಿರುವಾಗ ಒಂದು ಚದರ ಮೀಟರಿನ ಮೂಲಕ ಎಷ್ಟು ವ್ಯಾಟ್ ಶಾಖ ಹರಿಯುತ್ತದೆ ಎಂಬುದೇ ಉಷ್ಣವಾಹಕತೆಯ ಅಳತೆ. ಬೆಳ್ಳಿಗೆ ಅದು ಸುಮಾರು 429, ಜರ್ಮನ್ ಸಿಲ್ವರ್‌ಗೆ ಸುಮಾರು 33, ಅಂದರೆ ಹದಿಮೂರು ಪಟ್ಟು ವ್ಯತ್ಯಾಸ. ವಿದ್ಯುತ್ ವಾಹಕತೆಯಲ್ಲಿ ಅಂತರ ಇನ್ನೂ ಹೆಚ್ಚು: ತಾಮ್ರದ ತಂತಿಗೆ ನೂರು ಅಂಕ ಕೊಟ್ಟರೆ ಬೆಳ್ಳಿ ಅದನ್ನೂ ತುಸು ಮೀರುತ್ತದೆ, ಜರ್ಮನ್ ಸಿಲ್ವರ್ ಆರರ ಬಳಿ ನಿಲ್ಲುತ್ತದೆ. ಶುದ್ಧ ಲೋಹದ ಕ್ರಮಬದ್ಧ ಜಾಲದಲ್ಲಿ ಎಲೆಕ್ಟ್ರಾನುಗಳು ಅಡೆತಡೆಯಿಲ್ಲದೆ ಬಹುದೂರ ಸಾಗಬಲ್ಲವು. ತಾಮ್ರದ ನಡುವೆ ಅಲ್ಲಲ್ಲಿ ನಿಕ್ಕಲ್ ಪರಮಾಣುಗಳು ಬಂದು ಕುಳಿತಾಗ ಎಲೆಕ್ಟ್ರಾನುಗಳು ಪ್ರತಿ ಹೆಜ್ಜೆಗೂ ಚದುರಿಹೋಗುತ್ತವೆ. ಲೋಹವನ್ನು ಗಡಸುಗೊಳಿಸುವ ಬೆರಕೆಯೇ ಅದರ ವಾಹಕತೆಯನ್ನು ಕುಗ್ಗಿಸುತ್ತದೆ ಎಂಬುದು ಮಿಶ್ರಲೋಹಗಳ ಅಧ್ಯಯನದಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿ. ಈ ಕುಂದೂ ಒಂದು ಕಾಲದಲ್ಲಿ ಉಪಯೋಗಕ್ಕೆ ಬಂದಿತ್ತು. ಪ್ರಯೋಗಾಲಯದ ವಿದ್ಯುತ್ ರೋಧಕಗಳಿಗೆ ಜರ್ಮನ್ ಸಿಲ್ವರ್ ತಂತಿಯನ್ನು ಸುತ್ತುತ್ತಿದ್ದರು.

ಮನೆಯ ಮಟ್ಟದಲ್ಲಿ ಇದರ ಅರ್ಥ ಸರಳವಾಗಿದೆ. ಬಿಸಿ ಕಾಫಿ ಹೊಯ್ದ ಬೆಳ್ಳಿಯ ಲೋಟದ ಅಂಚು ಕೆಲವೇ ಕ್ಷಣಗಳಲ್ಲಿ ಕೈ ಸುಡುತ್ತದೆ, ಬಿಸಿ ಪಾಯಸದಲ್ಲಿ ಬಿಟ್ಟ ಬೆಳ್ಳಿಯ ಚಮಚದ ಹಿಡಿಯೂ ಹಾಗೆಯೇ. ಜರ್ಮನ್ ಸಿಲ್ವರ್ ಚಮಚದ ಹಿಡಿ ಅಷ್ಟು ಬೇಗ ಕಾಯುವುದಿಲ್ಲ. ಇದೇ ಗುಣವನ್ನು ಆಧರಿಸಿ, ಮಂಜುಗಡ್ಡೆಯ ತುಣುಕನ್ನು ತಟ್ಟೆಯ ಮೇಲಿಟ್ಟು ಅದು ಎಷ್ಟು ಬೇಗ ಕರಗುತ್ತದೆಂದು ನೋಡುವ ಪರೀಕ್ಷೆ ಜನಪ್ರಿಯವಾಗಿದೆ. ಬೆಳ್ಳಿಯ ಮೇಲೆ ಮಂಜುಗಡ್ಡೆ ಕಣ್ಣೆದುರಿಗೇ ಕರಗಿ ನೀರಾಗುವುದು ನಿಜ. ಆದರೆ ತಾಮ್ರದ ವಾಹಕತೆಯೂ ಬೆಳ್ಳಿಗೆ ಸಮೀಪದಲ್ಲಿರುವುದರಿಂದ, ಬೆಳ್ಳಿಯ ಲೇಪ ಹೊದ್ದ ತಾಮ್ರದ ತಟ್ಟೆ ಈ ಪರೀಕ್ಷೆಯಲ್ಲಿ ಸಲೀಸಾಗಿ ತೇರ್ಗಡೆಯಾಗುತ್ತದೆ.

ಆಯಸ್ಕಾಂತದ ಪರೀಕ್ಷೆಯ ಬಗ್ಗೆ ಇನ್ನೂ ಹೆಚ್ಚು ತಪ್ಪು ತಿಳಿವಳಿಕೆ ಇದೆ. ನಿಕ್ಕಲ್ ಆಯಸ್ಕಾಂತಕ್ಕೆ ಅಂಟುವ ಲೋಹವಾದ್ದರಿಂದ ಜರ್ಮನ್ ಸಿಲ್ವರ್ ಕೂಡ ಅಂಟುತ್ತದೆ, ಅಂಟದಿದ್ದರೆ ಅದು ಬೆಳ್ಳಿಯೇ ಎಂಬ ನಂಬಿಕೆಗೆ ಆಧಾರವಿಲ್ಲ. ತಾಮ್ರ ಮತ್ತು ಸತುವಿನ ನಡುವೆ ಚದುರಿಹೋದ ನಿಕ್ಕಲ್ ತನ್ನ ಕಾಂತೀಯ ಗುಣವನ್ನು ಕಳೆದುಕೊಳ್ಳುವುದರಿಂದ ಜರ್ಮನ್ ಸಿಲ್ವರ್ ಬೆಳ್ಳಿಯಂತೆಯೇ ಆಯಸ್ಕಾಂತಕ್ಕೆ ಅಂಟುವುದಿಲ್ಲ. ಅಂಟಿದ ವಸ್ತು ಬೆಳ್ಳಿಯಲ್ಲ ಎಂದಷ್ಟೇ ಹೇಳಬಹುದು. ಅದರೊಳಗೆ ಬಹುಶಃ ಕಬ್ಬಿಣವೋ ಉಕ್ಕೋ ಇರುತ್ತದೆ.

ಇದೇ ಸಂದರ್ಭದಲ್ಲಿ, ಲಕ್ಷ್ಮೀಪೂಜೆಗೆಂದು ಅನೇಕ ಮನೆಗಳಲ್ಲಿ ಜೋಪಾನವಾಗಿಟ್ಟಿರುವ ಹಳೆಯ ರೂಪಾಯಿ ನಾಣ್ಯಗಳನ್ನು ಗಮನಿಸುವುದು ಉಚಿತ. ಬ್ರಿಟಿಷ್ ಭಾರತದ ಸುಮಾರು 11.66 ಗ್ರಾಂ ತೂಕದ ಬೆಳ್ಳಿ ರೂಪಾಯಿಯಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು, ಅಂದರೆ ಶೇ. 91.7ರಷ್ಟು ಬೆಳ್ಳಿ ಇರುತ್ತಿತ್ತು. ಎರಡನೇ ಮಹಾಯುದ್ಧದ ಒತ್ತಡದಲ್ಲಿ 1940ರಿಂದ ಅದನ್ನು ಶೇ. 50 ಬೆಳ್ಳಿ, ಶೇ. 40 ತಾಮ್ರ, ಶೇ. 5 ನಿಕ್ಕಲ್, ಶೇ. 5 ಸತುವಿನ ನಾಲ್ಕು ಲೋಹಗಳ ಮಿಶ್ರಣಕ್ಕೆ ಇಳಿಸಲಾಯಿತು. 1947ರ ರೂಪಾಯಿಯಂತೂ ಬೆಳ್ಳಿಯೇ ಇಲ್ಲದ ಶುದ್ಧ ನಿಕ್ಕಲ್ ನಾಣ್ಯ. ಹೀಗೆ 1947ರ ನಾಣ್ಯ ಆಯಸ್ಕಾಂತಕ್ಕೆ ಗಟ್ಟಿಯಾಗಿ ಅಂಟುತ್ತದೆ, 1940ರ ದಶಕದ ಮೊದಲ ವರ್ಷಗಳ ನಾಣ್ಯ ಅಂಟುವುದಿಲ್ಲ, ಆದರೆ ಅದರಲ್ಲಿರುವುದು ಅರ್ಧದಷ್ಟೇ ಬೆಳ್ಳಿ. ಮಾರುವಾಗಲೋ ಹಂಚಿಕೊಳ್ಳುವಾಗಲೋ ಇಸವಿಯನ್ನು ನೋಡದೆ ಎಲ್ಲವನ್ನೂ ಒಂದೇ ಬೆಲೆಗೆ ಹಿಡಿದರೆ ಒಬ್ಬರಿಗೆ ನಷ್ಟ ಖಂಡಿತ.

ನೀರಿನಲ್ಲಿ ತೂಗುವ ಬಗೆ

ಮನೆಯಲ್ಲಿಯೇ ಮಾಡಬಹುದಾದ, ವಸ್ತುವಿಗೆ ಗೀರೂ ಬೀಳದ, ಭರವಸೆಗೆ ಅರ್ಹವಾದ ಪರೀಕ್ಷೆಯೆಂದರೆ ಸಾಂದ್ರತೆಯದು. ಒಂದು ಘನ ಸೆಂಟಿಮೀಟರ್ ಜಾಗದಲ್ಲಿ ಎಷ್ಟು ಗ್ರಾಂ ಲೋಹ ಹಿಡಿಸುತ್ತದೆ ಎಂಬುದೇ ಸಾಂದ್ರತೆ. ಬೆಳ್ಳಿಗೆ ಅದು 10.49, ಜರ್ಮನ್ ಸಿಲ್ವರ್‌ಗೆ ಸುಮಾರು 8.7, ತಾಮ್ರಕ್ಕೆ 8.96. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಮೊದಲು ಒಣಗಿದ ವಸ್ತುವನ್ನು ತೂಗಿ ಬರೆದಿಟ್ಟುಕೊಳ್ಳಬೇಕು. ಬಳಿಕ ತಕ್ಕಡಿಯ ಮೇಲೆ ನೀರು ತುಂಬಿದ ಅಗಲ ಬಾಯಿಯ ಪಾತ್ರೆಯನ್ನಿಟ್ಟು, ಸೊನ್ನೆ ತೋರಿಸುವಂತೆ ಗುಂಡಿ ಒತ್ತಿ, ವಸ್ತುವನ್ನು ತೆಳುವಾದ ದಾರದಲ್ಲಿ ಕಟ್ಟಿ, ಅದು ಪೂರ್ತಿ ಮುಳುಗುವಂತೆ ಆದರೆ ತಳಕ್ಕಾಗಲಿ ಬದಿಗಾಗಲಿ ತಾಗದಂತೆ ಕೈಯಲ್ಲಿ ಹಿಡಿದು ಇಳಿಬಿಡಬೇಕು. ಅಂಟಿಕೊಂಡ ಗಾಳಿಗುಳ್ಳೆಗಳು ಹೋಗುವಂತೆ ಒಮ್ಮೆ ಅಲುಗಿಸಬೇಕು. ಆಗ ತಕ್ಕಡಿ ತೋರಿಸುವ ಗ್ರಾಂಗಳು ವಸ್ತು ಪಕ್ಕಕ್ಕೆ ಸರಿಸಿದ ನೀರಿನ ತೂಕ, ಅಂದರೆ ವಸ್ತುವಿನ ಗಾತ್ರ. ಒಣ ತೂಕವನ್ನು ಈ ಅಂಕಿಯಿಂದ ಭಾಗಿಸಿದರೆ ಸಾಂದ್ರತೆ ದೊರೆಯುತ್ತದೆ. 210 ಗ್ರಾಂ ತೂಗುವ ಬಟ್ಟಲು ಅಪ್ಪಟ ಬೆಳ್ಳಿಯದಾದರೆ ತಕ್ಕಡಿ 20 ಗ್ರಾಂ ತೋರಿಸುತ್ತದೆ, ಜರ್ಮನ್ ಸಿಲ್ವರಿನದಾದರೆ 24. ನಾಲ್ಕು ಗ್ರಾಂ ಅಂತರವನ್ನು ಸಾಧಾರಣ ತಕ್ಕಡಿಯೂ ಹಿಡಿಯಬಲ್ಲದು. ಕಾಲುಂಗುರದಂತಹ ಐದಾರು ಗ್ರಾಂ ವಸ್ತುಗಳಿಗೆ ಮಾತ್ರ ಚಿನಿವಾರರ ಸೂಕ್ಷ್ಮ ತಕ್ಕಡಿಯೇ ಬೇಕು.

ಈ ಪರೀಕ್ಷೆಗೂ ಮಿತಿಗಳಿವೆ. ಶೇ. 80 ಬೆಳ್ಳಿ ಮತ್ತು ಶೇ. 20 ತಾಮ್ರ ಬೆರೆತ ಲೋಹದ ಸಾಂದ್ರತೆ 10.1ರ ಮೇಲೆಯೇ ಇರುವುದರಿಂದ ಬೆಳ್ಳಿ ಹೌದೋ ಅಲ್ಲವೋ ಎಂಬುದು ತಿಳಿದರೂ ಎಷ್ಟು ಶುದ್ಧ ಎಂಬುದು ನಿಖರವಾಗಿ ತಿಳಿಯದು. ಒಳಗೆ ಅರಗು ತುಂಬಿದ ವಿಗ್ರಹ, ಮರದ ಮೇಲೆ ಬೆಳ್ಳಿಯ ತಗಡು ಹೊದಿಸಿದ ಮಂಟಪ, ಕಲ್ಲು ಕೂರಿಸಿದ ಆಭರಣಗಳಿಗೆ ಇದು ಹೊಂದುವುದಿಲ್ಲ. ಅಂಗಡಿಗಳಲ್ಲಿರುವ ಎಕ್ಸ್-ರೇ ಯಂತ್ರ ಲೋಹಗಳ ಪ್ರಮಾಣವನ್ನು ಕ್ಷಣದಲ್ಲಿ ತೋರಿಸುವುದಾದರೂ ಅದು ಓದುವುದು ಮೇಲ್ಪದರವನ್ನು ಮಾತ್ರ. ದಪ್ಪ ಲೇಪವಿರುವ ವಸ್ತುವಿನಲ್ಲಿ ಒಳಲೋಹ ಅದರ ಕಣ್ಣಿಗೆ ಬೀಳದಿರಬಹುದು. ಅಕ್ಕಸಾಲಿಗರು ಮರೆಯ ಜಾಗದಲ್ಲಿ ಅರದಿಂದ ಸ್ವಲ್ಪ ಉಜ್ಜಿ ನೈಟ್ರಿಕ್ ಆಮ್ಲದ ಹನಿ ಬಿಡುವುದು ಈ ಕಾರಣಕ್ಕೇ. ಜರ್ಮನ್ ಸಿಲ್ವರಿನ ಮೇಲೆ ಹನಿ ಹಸಿರಾಗಿ ನೊರೆಯುತ್ತದೆ. ಬೆಳ್ಳಿ ಕರಗಿದ ಆಮ್ಲಕ್ಕೆ ಉಪ್ಪುನೀರು ಸೇರಿಸಿದರೆ ಮೊಸರಿನಂತಹ ಬಿಳಿ ಗರಣೆ ಕಟ್ಟುತ್ತದೆ, ಅದು ಸಿಲ್ವರ್ ಕ್ಲೋರೈಡ್. ಚರ್ಮವನ್ನೂ ಕಣ್ಣನ್ನೂ ಸುಡುವ ಈ ಆಮ್ಲವನ್ನು ಮನೆಯಲ್ಲಿ ಮುಟ್ಟದಿರುವುದು ಲೇಸು.

ಆಹಾರ, ಚರ್ಮ ಮತ್ತು ಗಾಳಿ

ಬೆಳ್ಳಿ ಕಪ್ಪಾಗುವುದನ್ನು ಕಂಡು ಅದರ ಶುದ್ಧತೆಯನ್ನು ಶಂಕಿಸುವವರಿದ್ದಾರೆ. ಸಾಮಾನ್ಯ ಉಷ್ಣತೆಯಲ್ಲಿ ಬೆಳ್ಳಿ ಗಾಳಿಯ ಆಮ್ಲಜನಕದೊಡನೆ ಬೆರೆಯುವುದಿಲ್ಲ. ಅದನ್ನು ಕಪ್ಪಾಗಿಸುವುದು ಗಂಧಕ. ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಹೈಡ್ರೋಜನ್ ಸಲ್ಫೈಡ್ ಹಾಗೂ ಮೊಟ್ಟೆ, ಈರುಳ್ಳಿ, ಉಣ್ಣೆ, ರಬ್ಬರುಗಳಲ್ಲಿರುವ ಗಂಧಕದ ಸಂಯುಕ್ತಗಳು ಬೆಳ್ಳಿಯ ಮೇಲ್ಮೈಯಲ್ಲಿ ಸಿಲ್ವರ್ ಸಲ್ಫೈಡಿನ ತೆಳು ಪದರವನ್ನು ಕಟ್ಟುತ್ತವೆ. ಅಪ್ಪಟ ಬೆಳ್ಳಿಯೂ ಕಪ್ಪಾಗುತ್ತದೆ. ಈ ಪದರ ಲೋಹವನ್ನು ಆಳವಾಗಿ ತಿನ್ನುವುದಿಲ್ಲ, ಮೇಲಾಗಿ ಅದನ್ನು ಉಜ್ಜದೆಯೇ ಹೋಗಲಾಡಿಸಬಹುದು: ಅಗಲವಾದ ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸಿ, ಅದಕ್ಕೆ ತಾಗುವಂತೆ ಬೆಳ್ಳಿಯನ್ನಿಟ್ಟು, ಅಡುಗೆ ಸೋಡಾ ಬೆರೆಸಿದ ಬಿಸಿನೀರು ಹೊಯ್ದರೆ ಗಂಧಕ ಬೆಳ್ಳಿಯನ್ನು ಬಿಟ್ಟು ಹೋಗಿ ಬೆಳ್ಳಿ ತನ್ನ ಜಾಗದಲ್ಲಿಯೇ ಉಳಿಯುತ್ತದೆ. ಪುಡಿ ಹಾಕಿ ಉಜ್ಜುವಾಗಲಾದರೆ ಪ್ರತಿ ಬಾರಿಯೂ ಸ್ವಲ್ಪ ಬೆಳ್ಳಿ ಸವೆದು ನೀರಿನ ಜೊತೆ ಹರಿದುಹೋಗುತ್ತದೆ. ಕುಸುರಿಯ ಸಂದುಗಳಲ್ಲಿ ಬೇಕೆಂದೇ ಕಪ್ಪು ಉಳಿಸಿರುವ ವಸ್ತುಗಳನ್ನೂ, ಕಲ್ಲು ಕೂರಿಸಿದವನ್ನೂ ಈ ಸೋಡಾ ನೀರಿನಲ್ಲಿ ಅದ್ದಬಾರದು.

ಜರ್ಮನ್ ಸಿಲ್ವರ್ ಕೆಡುವ ಬಗೆ ಬೇರೆ. ಅದರ ಮುಖ್ಯ ಅಂಶ ತಾಮ್ರವಾದ್ದರಿಂದ ತೇವ, ಉಪ್ಪು ಮತ್ತು ಹುಳಿ ಸೇರಿದಲ್ಲಿ ಅದಕ್ಕೆ ಹಸಿರು ಕಿಲುಬು ಹಿಡಿಯುತ್ತದೆ; ಕರಾವಳಿಯ ಉಪ್ಪುಗಾಳಿಯಲ್ಲಿ ಇದು ಇನ್ನೂ ಬೇಗ. ನಿಕ್ಕಲ್ ಈ ಕ್ರಿಯೆಯನ್ನು ನಿಧಾನಗೊಳಿಸುವುದಾದರೂ ಪೂರ್ತಿ ತಡೆಯುವುದಿಲ್ಲ. ನಿಂಬೆ, ಹುಣಸೆ, ಮೊಸರು, ಉಪ್ಪಿನಕಾಯಿಗಳು ಲೇಪವಿಲ್ಲದ ಜರ್ಮನ್ ಸಿಲ್ವರ್ ಪಾತ್ರೆಯಲ್ಲಿ ಹೊತ್ತುಗಟ್ಟಲೆ ನಿಂತರೆ ತಾಮ್ರ ಮತ್ತು ನಿಕ್ಕಲ್ ಆಹಾರಕ್ಕೆ ಇಳಿಯುತ್ತವೆ. ಮೊಸರು, ಜೇನುತುಪ್ಪ ಸೇರಿದ ಪಂಚಾಮೃತವನ್ನು ಅಂತಹ ಬಟ್ಟಲಿನಲ್ಲಿ ಕದಡಿ ಗಂಟೆಗಟ್ಟಲೆ ಇಟ್ಟು ಆಮೇಲೆ ತೀರ್ಥವಾಗಿ ಹಂಚುವ ರೂಢಿ ಇದ್ದರೆ ಅದನ್ನು ಬಿಡಬೇಕು. ಅಂಗಡಿಯಿಂದ ಬಂದ ಹೊಸತರಲ್ಲಿ ಈ ತೊಂದರೆ ಕಾಣಿಸದಿರಬಹುದು. ಬಹಳಷ್ಟು ವಸ್ತುಗಳ ಮೇಲೆ ಬೆಳ್ಳಿಯ ತೆಳು ಲೇಪ ಅಥವಾ ಪಾರದರ್ಶಕ ಮೆರುಗೆಣ್ಣೆ ಇದ್ದು, ಅದು ಸವೆದ ಮೇಲೆಯೇ ಒಳಗಿನ ಲೋಹ ಹೊರಬೀಳುತ್ತದೆ. ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ 1840ರಲ್ಲಿ ಪೇಟೆಂಟ್ ಪಡೆದ ವಿದ್ಯುತ್ ಲೇಪನದ ವಿಧಾನ ಜರ್ಮನ್ ಸಿಲ್ವರನ್ನು ಊಟದ ಮೇಜಿಗೆ ತಂದದ್ದು ಹೀಗೆಯೇ. ಹಳೆಯ ಚಮಚಗಳ ಹಿಂಬದಿಯಲ್ಲಿ ಕಾಣುವ ಇಪಿಎನ್‌ಎಸ್ ಎಂಬ ಅಚ್ಚು, ನಿಕ್ಕಲ್ ಸಿಲ್ವರಿನ ಮೇಲೆ ಬೆಳ್ಳಿಯ ಲೇಪವಿದೆ ಎಂದು ಸೂಚಿಸುತ್ತದೆಯೇ ಹೊರತು ಅದು ಶುದ್ಧತೆಯ ಮುದ್ರೆಯಲ್ಲ. ಇನ್ನು ಜರ್ಮನ್ ಸಿಲ್ವರ್ ಎಂಬ ಹೆಸರಿನಲ್ಲಿ ಮಾರಾಟವಾಗುವುದೆಲ್ಲ ನಿಜವಾಗಿ ಆ ಮಿಶ್ರಲೋಹವೇ ಆಗಿರಬೇಕೆಂದೂ ಇಲ್ಲ; ಬಿಳಿ ಲೇಪ ಕೊಟ್ಟ ಹಿತ್ತಾಳೆ, ಕಬ್ಬಿಣಗಳೂ ಅದೇ ಹೆಸರಿನಲ್ಲಿ ಬರುತ್ತವೆ.

ಚರ್ಮದ ಪ್ರಶ್ನೆ ಇನ್ನೂ ಗಂಭೀರವಾದದ್ದು. ನಿಕ್ಕಲ್ ಒಗ್ಗದಿರುವುದು ಲೋಹಗಳಿಂದ ಬರುವ ಅಲರ್ಜಿಗಳಲ್ಲಿ ಅತ್ಯಂತ ಸಾಮಾನ್ಯವಾದದ್ದು. ಬೆವರಿನಲ್ಲಿ ಕರಗಿದ ನಿಕ್ಕಲ್ ಚರ್ಮದೊಳಗೆ ಇಳಿದು ದೇಹದ ರಕ್ಷಣಾ ವ್ಯವಸ್ಥೆಯನ್ನು ಕೆರಳಿಸುತ್ತದೆ. ಒಮ್ಮೆ ಹೀಗೆ ಕೆರಳಿದ ದೇಹ ಮುಂದೆ ಅಲ್ಪ ನಿಕ್ಕಲ್ ತಾಗಿದರೂ ತುರಿಕೆ, ಕೆಂಪು ಗುಳ್ಳೆ, ರಸಿಕೆಗಳ ಮೂಲಕ ಪ್ರತಿಕ್ರಿಯಿಸುತ್ತದೆ, ಈ ಸ್ವಭಾವ ಬಹುಮಟ್ಟಿಗೆ ಜೀವಮಾನವಿಡೀ ಉಳಿಯುತ್ತದೆ. ಹೊಸದಾಗಿ ಚುಚ್ಚಿಸಿದ ಕಿವಿ, ಮೂಗುಗಳಿಗೆ ನಿಕ್ಕಲ್ ಮಿಶ್ರಲೋಹದ ಕಡ್ಡಿ ಹಾಕುವುದು ಈ ಅಲರ್ಜಿಗೆ ಬಾಗಿಲು ತೆರೆದಂತೆ. ಚರ್ಮಕ್ಕೆ ಸದಾ ತಾಗಿರುವ ವಸ್ತುಗಳಿಂದ ವಾರಕ್ಕೆ ಒಂದು ಚದರ ಸೆಂಟಿಮೀಟರಿಗೆ 0.5 ಮೈಕ್ರೋಗ್ರಾಮಿಗಿಂತ ಹೆಚ್ಚು ನಿಕ್ಕಲ್ ಹೊರಬರಬಾರದೆಂದೂ, ಚುಚ್ಚಿದ ಜಾಗಕ್ಕೆ ಹಾಕುವ ಕಡ್ಡಿಗಳಿಗೆ ಈ ಮಿತಿ 0.2 ಮೈಕ್ರೋಗ್ರಾಂ ಎಂದೂ ಯುರೋಪಿನ ಒಕ್ಕೂಟ ಕಟ್ಟಳೆ ಮಾಡಿರುವುದು ಈ ಕಾರಣಕ್ಕೆ. ಹಗಲಿರುಳು ತೆಗೆಯದೆ ಧರಿಸುವ, ನೀರೂ ಬೆವರೂ ತಾಗುತ್ತಲೇ ಇರುವ ಕಾಲುಂಗುರ ಮತ್ತು ಮಕ್ಕಳ ಕಾಲ್ಕಡಗಗಳನ್ನು ಜರ್ಮನ್ ಸಿಲ್ವರಿನಲ್ಲಿ ಕೊಳ್ಳಲೇಬಾರದು. ಹಸುಗೂಸಿಗೆ ಹಾಲು, ಔಷಧ ಕುಡಿಸುವ ಒಳಲೆಯ ಮಾತಂತೂ ಹೇಳಬೇಕಾದ್ದೇ ಇಲ್ಲ. ಅದು ಬೆಳ್ಳಿಯದೇ ಆಗಿರಬೇಕು, ಅದು ಕೈಗೆಟುಕದಿದ್ದರೆ ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲಿನದು ಜರ್ಮನ್ ಸಿಲ್ವರಿನದಕ್ಕಿಂತ ಎಷ್ಟೋ ಮೇಲು.

ಹೀಗೆಂದು ಈ ಮಿಶ್ರಲೋಹಕ್ಕೆ ಮನೆಯಲ್ಲಿ ಜಾಗವಿಲ್ಲವೆಂದಲ್ಲ. ದೀಪದ ಕಂಬ, ಹೂವಿನ ಬುಟ್ಟಿ, ಒಣ ಅರಿಶಿನ ಕುಂಕುಮದ ಭರಣಿ, ಆರತಿಯ ತಟ್ಟೆ, ಚಿತ್ರದ ಚೌಕಟ್ಟುಗಳಿಗೆ ಅದರ ಗಟ್ಟಿತನ, ನೆಗ್ಗದ ಗುಣ, ಕಡಿಮೆ ಬೆಲೆ ಎಲ್ಲವೂ ಅನುಕೂಲವೇ. ಆರತಿಯ ತಟ್ಟೆಯ ವಿಷಯದಲ್ಲಿ ಅದು ಬೆಳ್ಳಿಗಿಂತ ಹೆಚ್ಚು ಹೊಂದುತ್ತದೆ; ಕರ್ಪೂರದ ಬಿಸಿ ಅಂಚಿನವರೆಗೆ ಬೇಗ ಹರಡದೆ ಕೈ ಸುಡುವುದು ತಪ್ಪುತ್ತದೆ. ಬಳಸಿದ ಮೇಲೆ ಮೆದು ಸಾಬೂನು ನೀರಿನಲ್ಲಿ ತೊಳೆದು, ಒಣ ಬಟ್ಟೆಯಿಂದ ತೇವ ಉಳಿಯದಂತೆ ಒರೆಸಿಟ್ಟರೆ ಬಹುಕಾಲ ಬಾಳುತ್ತದೆ. ಲೇಪವಿರುವ ವಸ್ತುಗಳನ್ನು ಹುಣಸೆಹಣ್ಣು, ನಾರುಗಳಿಂದ ತಿಕ್ಕಬಾರದು. ಬೆಳ್ಳಿಯನ್ನು ರಬ್ಬರ್ ಬ್ಯಾಂಡ್ ಸುತ್ತದೆ, ಉಣ್ಣೆಯ ಬಟ್ಟೆಯ ಜೊತೆ ಇಡದೆ, ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಒಂದು ತುಂಡು ಸೀಮೆಸುಣ್ಣದೊಡನೆ ಇಡುವುದು ಒಳ್ಳೆಯದು. ಬೆಳ್ಳಿಯ ಬಟ್ಟಲಿನಲ್ಲಿ ಉಪ್ಪನ್ನು ಮಾತ್ರ ತುಂಬಿಡಬಾರದು, ಅದು ಬೆಳ್ಳಿಯನ್ನೂ ನಿಧಾನವಾಗಿ ತಿನ್ನುತ್ತದೆ.

ಕೊಳ್ಳುವಾಗ ನೋಡಬೇಕಾದದ್ದು ಭಾರತೀಯ ಮಾನಕ ಬ್ಯೂರೋದ ಹಾಲ್‌ಮಾರ್ಕ್. 990, 925, 800 ಮುಂತಾದ ಅಂಕಿಗಳು ಸಾವಿರ ಪಾಲಿನಲ್ಲಿ ಎಷ್ಟು ಪಾಲು ಬೆಳ್ಳಿ ಎಂಬುದನ್ನು ಹೇಳುತ್ತವೆ. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಯ ಹಾಲ್‌ಮಾರ್ಕಿಗೂ ಅಕ್ಷರ ಮತ್ತು ಅಂಕಿಗಳು ಸೇರಿದ ಆರು ಸ್ಥಾನಗಳ ಎಚ್‌ಯುಐಡಿ ಗುರುತು ಬಂದಿದ್ದು, ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ಪರಿಶೀಲಿಸಬಹುದು. ಜಾರಿಗೆ ಬಂದಾಗ ಈ ವ್ಯವಸ್ಥೆ ಚಿನ್ನಕ್ಕಿರುವಂತೆ ಕಡ್ಡಾಯವಾಗಿರದೆ ಐಚ್ಛಿಕವಾಗಿದ್ದುದರಿಂದ, ಗುರುತಿಲ್ಲದ ಬೆಳ್ಳಿಯೂ ಅಂಗಡಿಗಳಲ್ಲಿದೆ. ಗುರುತು ಇರುವುದನ್ನೇ ಕೊಡುವಂತೆ ಕೇಳುವುದು ಗ್ರಾಹಕರ ಕೈಯಲ್ಲಿದೆ. ಬಿಲ್ಲಿನಲ್ಲಿ ಲೋಹದ ಹೆಸರು, ಶುದ್ಧತೆ, ನಿವ್ವಳ ತೂಕ, ಮಜೂರಿ ಇವು ನಾಲ್ಕೂ ಬೇರೆ ಬೇರೆಯಾಗಿ ಬರೆದಿರಬೇಕು. ಕೇವಲ ಸಿಲ್ವರ್ ಐಟಂ ಎಂದು ಬರೆದ ಬಿಲ್ಲನ್ನು ಒಪ್ಪಿಕೊಳ್ಳದೆ, ಬೆಳ್ಳಿಯೋ ಜರ್ಮನ್ ಸಿಲ್ವರೋ ಎಂಬುದನ್ನು ಅಂಗಡಿಯವರ ಕೈಯಲ್ಲಿಯೇ ಬರೆಸಿಕೊಂಡು ಹಣ ಕೊಡಿ.